ಮಣ್ಣಿನ ಕುಂಡದ ಮೇಲೆ ಅಕ್ರಿಲಿಕ್ ಬಣ್ಣ ಸುರಿಯುವುದು: ಮಳೆಗಾಲ ದಾಟಿದರೂ ಸುಲಿಯದ ಹಾಗೆ ಮಾಡುವ ಪೂರ್ತಿ ಕ್ರಮ

ಕಲಸಿದ ಅಕ್ರಿಲಿಕ್ ಬಣ್ಣಗಳನ್ನು ಬೋರಲು ನಿಲ್ಲಿಸಿದ ಕುಂಡದ ಮೇಲೆ ಸುರಿದು, ತಾವಾಗಿ ಹರಿದು ಚಿತ್ತಾರವಾಗಲು ಬಿಡುವ ಕೆಲಸ ಇದು. ಹೀಗೆ ಬಣ್ಣ ಸುರಿದ ಕುಂಡ ಮೊದಲ ವಾರ ಎಲ್ಲರ ಮನೆಯಲ್ಲೂ ಚೆನ್ನಾಗಿಯೇ ಕಾಣುತ್ತದೆ. ದೂರು ಶುರುವಾಗುವುದು ಗಿಡ ನೆಟ್ಟು ಒಂದೆರಡು ತಿಂಗಳಾದ ಮೇಲೆ. ಬುಡದ ಹತ್ತಿರ ಗುಳ್ಳೆ ಎದ್ದಿದೆ, ಬಣ್ಣ ಹಪ್ಪಳದ ಹಾಗೆ ಎದ್ದು ಬರುತ್ತಿದೆ, ಹಿಂದೆ ಬಿಳಿ ಪುಡಿ ಕಾಣುತ್ತಿದೆ, ಇನ್ನೊಂದು ಕೋಟ್ ವಾರ್ನಿಷ್ ಹೊಡೆದರೆ ಸರಿಹೋಗುತ್ತದೆಯೇ ಎಂದು ಕೇಳುತ್ತಾರೆ. ನಾನು ಮರಳಿ ಕೇಳುವುದು ಒಂದೇ: ಕುಂಡದ ಒಳಮೈಗೆ ಏನು ಹಚ್ಚಿದ್ದಿರಿ? ಹೆಚ್ಚಿನವರು ಏನೂ ಹಚ್ಚಿರುವುದಿಲ್ಲ.

ಸುಟ್ಟ ಮಣ್ಣು ನೀರು ಕುಡಿಯುತ್ತದೆ. ಗಿಡಕ್ಕೆ ಹಾಕಿದ ನೀರು ಕುಂಡದ ಗೋಡೆಯೊಳಗೆ ಇಳಿದು, ಹೊರಮೈಗೆ ಬಂದು, ಅಲ್ಲಿ ಆವಿಯಾಗುತ್ತದೆ. ಕುಡಿಯುವ ನೀರಿನ ಮಡಕೆ ತಣ್ಣಗಿರುವುದೂ ಇದೇ ಕಾರಣಕ್ಕೆ. ಒಣಗಿದ ಅಕ್ರಿಲಿಕ್ ಎಂದರೆ ತೆಳುವಾದ ಪ್ಲಾಸ್ಟಿಕ್ ಪೊರೆ. ಆ ಪೊರೆ ದಾರಿಗೆ ಅಡ್ಡ ನಿಂತರೆ ನೀರು ಹಿಂದಿನಿಂದ ಅದನ್ನು ಸಡಿಲಿಸುತ್ತದೆ. ನೀರಿನ ಜೊತೆ ಬಂದ ಉಪ್ಪು, ಬೋರ್‌ವೆಲ್ ನೀರಾದರೆ ಇನ್ನೂ ಹೆಚ್ಚು, ಬಣ್ಣದ ಹಿಂದೆ ಹರಳುಗಟ್ಟಿ ಅದನ್ನು ಎಬ್ಬಿಸುತ್ತದೆ. ಹೊರಗಿನ ಮಳೆಗಿಂತ ಒಳಗಿನ ನೀರೇ ಬಣ್ಣವನ್ನು ಹೆಚ್ಚು ಕೆಡಿಸುವುದು. ಹೊರಗೆ ಎಷ್ಟು ಕೋಟ್ ವಾರ್ನಿಷ್ ಹೊಡೆದರೂ ಒಳಗಿನಿಂದ ಬರುವ ನೀರನ್ನು ಅದು ತಡೆಯುವುದಿಲ್ಲ.

ಹಾಗಾಗಿ ಕೆಳಗಿನ ಹಂತಗಳ ಕ್ರಮ ಬದಲಿಸಬೇಡಿ. ಕೈಕೆಲಸ ಎಲ್ಲ ಸೇರಿ ನಾಲ್ಕು ಗಂಟೆ ಹಿಡಿಯಬಹುದು, ಕಾಯುವುದು ಮಾತ್ರ ನಾಲ್ಕೈದು ವಾರ. ನಾಡಿದ್ದಿನ ಹುಟ್ಟುಹಬ್ಬಕ್ಕೆ ಉಡುಗೊರೆ ಕೊಡಬೇಕು ಎಂದಿದ್ದರೆ ಈ ಕೆಲಸಕ್ಕೆ ಈಗ ಕೈ ಹಾಕಬೇಡಿ.

ಯಾವ ಕುಂಡಕ್ಕೆ ಇದು ಬೇಡ

ಒಳಗೂ ಹೊರಗೂ ಲೇಪನ ಹಚ್ಚಿದ ಮೇಲೆ ಮಣ್ಣಿನ ಕುಂಡ ಉಸಿರಾಡುವುದಿಲ್ಲ. ಅದು ಪ್ಲಾಸ್ಟಿಕ್ ಕುಂಡದ ಹಾಗೆಯೇ ನೀರು ಹಿಡಿದುಕೊಳ್ಳುತ್ತದೆ. ಕಳ್ಳಿ, ಸಕ್ಯುಲೆಂಟ್, ಆರ್ಕಿಡ್ ಜಾತಿಯವು ಬೇರು ಬೇಗ ಒಣಗಬೇಕು ಎನ್ನುವ ಗಿಡಗಳು. ಇವುಗಳನ್ನು ಬರಿಯ ಮಣ್ಣಿನ ಕುಂಡದಲ್ಲೇ ಬಿಡಿ. ಮನಿಪ್ಲಾಂಟ್, ಸಿಂಗೋನಿಯಂ, ಪೀಸ್ ಲಿಲಿ ತರಹದವಕ್ಕೆ ಬಣ್ಣದ ಕುಂಡ ಒಗ್ಗುತ್ತದೆ. ಕೊತ್ತಂಬರಿ, ಪುದೀನ, ಸೊಪ್ಪು ಬೆಳೆಯುವ ಕುಂಡಕ್ಕೂ ಬೇಡ. ವಾಟರ್‌ಪ್ರೂಫಿಂಗ್ ಲೇಪನಗಳನ್ನು ತಿನ್ನುವ ಬೆಳೆಗೆಂದು ತಯಾರಿಸಿರುವುದಿಲ್ಲ. ಕುಡಿಯುವ ನೀರಿನ ಮಡಕೆ, ಹೂಜಿಗಳಿಗಂತೂ ಬೇಡವೇ ಬೇಡ. ತುಳಸಿ ಕುಂಡಕ್ಕೆ ಕೆಮ್ಮಣ್ಣು ಬಳಿದು ಸುಣ್ಣದಲ್ಲಿ ಗೆರೆ ಎಳೆಯುವ ನಮ್ಮ ಹಳೆಯ ರೂಢಿ ಗಿಡದ ದೃಷ್ಟಿಯಿಂದಲೂ ಒಳ್ಳೆಯದು, ಏಕೆಂದರೆ ಕೆಮ್ಮಣ್ಣು ಗೋಡೆಯ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿ ಕೂರುವುದಿಲ್ಲ.

ಶುರುಮಾಡುವ ಮೊದಲು ಕೈಗೆ ಸಿಗಬೇಕಾದವು

ಬಣ್ಣ ಸುರಿಯಲು ಶುರುಮಾಡಿದ ಮೇಲೆ ಎದ್ದು ಹೋಗಿ ಏನನ್ನೂ ಹುಡುಕುವ ಹಾಗಿಲ್ಲ. ಇವಿಷ್ಟನ್ನು ಮೊದಲೇ ಜೋಡಿಸಿಡಿ:

- 6 ಇಂಚಿನ ಮಣ್ಣಿನ ಕುಂಡ. ಮೊದಲ ಪ್ರಯತ್ನಕ್ಕೆ ಇದಕ್ಕಿಂತ ದೊಡ್ಡದು ಬೇಡ
- ನಾರಿನ ಬ್ರಷ್, 120 ಮತ್ತು 220 ನಂಬರಿನ ಸ್ಯಾಂಡ್‌ಪೇಪರ್, ಹತ್ತಿ ಬಟ್ಟೆ
- ಅಡುಗೆಮನೆಯ ತೂಕದ ಯಂತ್ರ
- ಒಳಮೈಗೆ ನೀರಿನ ಆಧಾರದ ಅಕ್ರಿಲಿಕ್ ವಾಟರ್‌ಪ್ರೂಫಿಂಗ್ ಲೇಪನ. ತಾರಸಿಗೆ ಹಚ್ಚುವಂಥದ್ದೇ, ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಲೀಟರ್ ಡಬ್ಬದಲ್ಲಿ ಸಿಗುತ್ತದೆ
- ಹೊರಮೈಗೆ ಬಿಳಿ ಅಕ್ರಿಲಿಕ್ ಪ್ರೈಮರ್ ಅಥವಾ ಜೆಸ್ಸೊ (ಚಿತ್ರ ಬರೆಯುವವರು ಬಣ್ಣಕ್ಕೆ ಮೊದಲು ಹಚ್ಚುವ ಬಿಳಿ ಅಡಿಲೇಪನ)
- ಬಿಳಿ ಮತ್ತು ಇನ್ನು ಮೂರು ಅಕ್ರಿಲಿಕ್ ಬಣ್ಣ, ಪೋರಿಂಗ್ ಮೀಡಿಯಂ (ಬಣ್ಣದ ಹಿಡಿತ ಕೆಡದ ಹಾಗೆ ಅದನ್ನು ಹರಿಯುವಂತೆ ಮಾಡಲು ಬೆರೆಸುವ ದ್ರವ)
- ಕಾಗದದ ಅಥವಾ ಪ್ಲಾಸ್ಟಿಕ್ ಲೋಟ ಐದಾರು, ಐಸ್‌ಕ್ರೀಮ್ ಕಡ್ಡಿ, ಹಲ್ಲುಕಡ್ಡಿ, ಮಾಸ್ಕಿಂಗ್ ಟೇಪ್, ಕೈಗವಸು
- ಕುಂಡವನ್ನು ಬೋರಲು ನಿಲ್ಲಿಸಲು ಎತ್ತರದ ಸ್ಟೀಲ್ ಲೋಟ ಅಥವಾ ಮರಳು ತುಂಬಿದ ಡಬ್ಬ, ಕೆಳಗೆ ಅಗಲವಾದ ತಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ
- ಹೊರಾಂಗಣಕ್ಕೆ ಆಗುವ, ನೀರಿನ ಆಧಾರದ ವಾರ್ನಿಷ್

ತಟ್ಟೆಯ ಮೇಲೆ ಸುದ್ದಿಪತ್ರಿಕೆ ಹಾಸಬೇಡಿ. ಬಣ್ಣ ಒಣಗುವಾಗ ಕಾಗದ ಕುಂಡದ ಕಂಠಕ್ಕೆ, ಎಂದರೆ ಬಾಯಿಯ ಅಂಚಿಗೆ, ಅಂಟಿಕೊಳ್ಳುತ್ತದೆ, ಬಿಡಿಸಲು ಹೋದರೆ ಬಣ್ಣವೂ ಜೊತೆಗೆ ಬರುತ್ತದೆ.

ಹಂತ 1: ಕುಂಡವನ್ನು ನೋಡಿ, ಬಡಿದು, ಒರೆಸಿ ಆರಿಸುವುದು

ಬೆಂಗಳೂರಿನ ಪಾಟರಿ ಟೌನ್ ಆಗಲಿ, ನಿಮ್ಮೂರ ಸಂತೆಯಾಗಲಿ, ರಸ್ತೆಬದಿಯ ರಾಶಿಯಾಗಲಿ, ಎಲ್ಲಿ ಕೊಂಡರೂ ಮೂರು ಪರೀಕ್ಷೆ ಮಾಡಿಯೇ ಕೊಳ್ಳಿ.

ಮೊದಲು ಕುಂಡವನ್ನು ಬೆರಳ ತುದಿಯ ಮೇಲೆ ನಿಲ್ಲಿಸಿ ಗೆಣ್ಣಿನಿಂದ ಬಡಿಯಿರಿ. ಠಣ್ ಎಂದರೆ ಚೆನ್ನಾಗಿ ಬೆಂದಿದೆ. ಡಬ್ ಎಂದು ಸತ್ತ ಸದ್ದು ಬಂದರೆ ಎಲ್ಲೋ ಬಿರುಕಿದೆ ಅಥವಾ ಸರಿಯಾಗಿ ಬೆಂದಿಲ್ಲ. ಬಿರುಕನ್ನು ಬಣ್ಣ ಮುಚ್ಚುತ್ತದೆ ಎಂದುಕೊಳ್ಳಬೇಡಿ. ನೀರು ಮೊದಲು ಅಲ್ಲಿಂದಲೇ ನುಗ್ಗುತ್ತದೆ.

ಎರಡನೆಯದಾಗಿ ಒದ್ದೆ ಬಿಳಿ ಬಟ್ಟೆಯಿಂದ ಹೊರಮೈಯನ್ನು ಒತ್ತಿ ಒರೆಸಿ. ಬಟ್ಟೆಗೆ ದಟ್ಟವಾದ ಕೆಂಪು ಹತ್ತಿದರೆ ಕುಂಡ ಹೊಸದಾಗಿ ಕಾಣಲೆಂದು ಮೇಲೆ ಕೆಮ್ಮಣ್ಣಿನ ಅಥವಾ ಕೆಂಪು ಬಣ್ಣದ ನೀರು ಬಳಿದಿದ್ದಾರೆ ಎಂದರ್ಥ. ಗಿಡಕ್ಕೆ ಇದರಿಂದ ತೊಂದರೆಯಿಲ್ಲ, ಆದರೆ ನಮ್ಮ ಕೆಲಸಕ್ಕೆ ಇದು ದೊಡ್ಡ ಅಡ್ಡಿ. ಪ್ರೈಮರ್ ಈ ಪುಡಿಯನ್ನು ಹಿಡಿದುಕೊಳ್ಳುತ್ತದೆಯೇ ಹೊರತು ಕುಂಡವನ್ನಲ್ಲ. ಒಂದೇ ಹಾಳೆಯಾಗಿ ಬಣ್ಣ ಕಿತ್ತು ಬಂದ ಕುಂಡದ ಬಣ್ಣದ ಹಿಂಬದಿ ನೋಡಿ. ಕೆಂಪು ಪುಡಿ ಮೆತ್ತಿಕೊಂಡಿದ್ದರೆ ಕಾರಣ ಇದೇ.

ಮೂರನೆಯದು ತಳದ ತೂತು. ಕಿರುಬೆರಳು ಹೋಗುವಷ್ಟಾದರೂ ಇರಲಿ. ಬಣ್ಣ ಬಳಿದ ಮೇಲೆ ಕೊರೆಯಲು ಹೋದರೆ ತಳ ಸೀಳುತ್ತದೆ.

ಹಂತ 2: ತೊಳೆದು, ತೂಕ ನೋಡಿ ಒಣಗಿಸುವುದು

ನಾರಿನ ಬ್ರಷ್‌ನಿಂದ ಒಳಗೂ ಹೊರಗೂ ತಿಕ್ಕಿ ತೊಳೆಯಿರಿ. ಸೋಪು ಹಾಕದಿದ್ದರೆ ಒಳ್ಳೆಯದು, ಸುಟ್ಟ ಮಣ್ಣು ಅದನ್ನೂ ಹೀರಿಕೊಳ್ಳುತ್ತದೆ. ಕೆಂಪು ನೀರು ಹೋಗುವುದು ನಿಂತು ತಿಳಿನೀರು ಬರುವ ತನಕ ತಿಕ್ಕಬೇಕು. ಗಿಡ ಬೆಳೆಸಿದ ಹಳೆಯ ಕುಂಡವಾದರೆ ಬಿಳಿ ಕಲೆಗಳಿರುತ್ತವೆ. ಅವು ಉಪ್ಪು. ಅರ್ಧ ವಿನೆಗರ್, ಅರ್ಧ ನೀರು ಬೆರೆಸಿ ಹಚ್ಚಿ, ಅರ್ಧ ಗಂಟೆ ಬಿಟ್ಟು ತಿಕ್ಕಿ, ಆಮೇಲೆ ಒಂದು ರಾತ್ರಿ ಬಕೆಟ್ ನೀರಿನಲ್ಲಿ ಮುಳುಗಿಸಿಡಿ. ಬೆಳಗ್ಗೆ ಆ ನೀರು ಚೆಲ್ಲಿ ಹೊಸ ನೀರಿನಲ್ಲಿ ತೊಳೆಯಿರಿ.

ಇನ್ನು ಒಣಗಿಸುವುದು. ಹೆಚ್ಚಿನ ಕುಂಡಗಳು ಕೆಡುವುದು ಈ ಹಂತದಲ್ಲಿ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ತೊಳೆದ ಕುಂಡ ಬಿಸಿಲಲ್ಲಿ ಎರಡು ಗಂಟೆಯಲ್ಲಿ ತಿಳಿ ಬಣ್ಣಕ್ಕೆ ತಿರುಗುತ್ತದೆ, ಮುಟ್ಟಿದರೆ ಬೆಚ್ಚಗಿರುತ್ತದೆ. ಒಣಗಿತು ಎಂದು ನಾವು ನಂಬುತ್ತೇವೆ. ಗೋಡೆಯ ಮಧ್ಯದಲ್ಲಿ ನೀರು ಹಾಗೆಯೇ ಇರುತ್ತದೆ. ಕಣ್ಣನ್ನೂ ಕೈಯನ್ನೂ ನಂಬದೆ ತೂಕ ನೋಡಿ. ದಿನವೂ ಸಂಜೆ ಅದೇ ಹೊತ್ತಿಗೆ ತೂಗಿ, ಕಂಠದ ಒಳಗೆ ಪೆನ್ಸಿಲ್‌ನಲ್ಲಿ ಬರೆಯಿರಿ. ಎರಡು ದಿನ ತೂಕ ಒಂದೇ ಇದ್ದರೆ ಮಾತ್ರ ಒಣಗಿದೆ. ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಎರಡು ಮೂರು ದಿನ ಸಾಕು. ಮಲೆನಾಡು, ಕರಾವಳಿಯ ಜುಲೈ ತಿಂಗಳಲ್ಲಿ ಒಂದು ವಾರವಾದರೂ ತೂಕ ಇಳಿಯುತ್ತಲೇ ಇರಬಹುದು. ಅಂಥ ಊರಿನವರು ನವೆಂಬರ್ ತನಕ ಕಾಯುವುದು ಒಳ್ಳೆಯದು ಎಂದೇ ನನ್ನ ಸಲಹೆ.

ಒಣಗಿದ ಮೇಲೆ ಹೊರಮೈಯನ್ನು 120 ನಂಬರಿನ ಸ್ಯಾಂಡ್‌ಪೇಪರ್‌ನಿಂದ ಹಗುರವಾಗಿ ಉಜ್ಜಿ, ಒಣ ಬಟ್ಟೆಯಿಂದ ಧೂಳು ತೆಗೆಯಿರಿ. ಉಜ್ಜುವಾಗ ಮೂಗಿಗೆ ಬಟ್ಟೆ ಅಥವಾ ಮಾಸ್ಕ್ ಕಟ್ಟಿಕೊಳ್ಳಿ.

ಹಂತ 3: ಒಳಮೈ ಮುಚ್ಚುವುದು, ನೀರು ತುಂಬಿ ನೋಡುವುದು

ವಾಟರ್‌ಪ್ರೂಫಿಂಗ್ ಲೇಪನದ ಮೊದಲ ಕೋಟಿಗೆ ಡಬ್ಬದ ಮೇಲೆ ಹೇಳಿದಷ್ಟು ನೀರು ಬೆರೆಸಿ ತೆಳುಮಾಡಿ. ತೆಳುವಿದ್ದರೆ ರಂಧ್ರಗಳ ಒಳಗೆ ಇಳಿಯುತ್ತದೆ, ಮುಂದಿನ ಕೋಟಿಗೆ ಹಿಡಿತ ಸಿಗುತ್ತದೆ. ಎರಡನೆಯದೂ ಮೂರನೆಯದೂ ನೀರಿಲ್ಲದೆ ಹಚ್ಚಿ. ಒಂದು ಕೋಟ್ ಅಡ್ಡಕ್ಕೆ, ಮುಂದಿನದು ಉದ್ದಕ್ಕೆ ಬ್ರಷ್ ಆಡಿಸಿದರೆ ಬಿಟ್ಟುಹೋದ ಜಾಗ ತುಂಬುತ್ತದೆ. ಪ್ರತಿ ಕೋಟಿನ ನಡುವೆ ಐದಾರು ಗಂಟೆ.

ಜನ ಮರೆಯುವ ಮೂರು ಜಾಗಗಳಿವೆ: ತಳ ಮತ್ತು ಗೋಡೆ ಸೇರುವ ಮೂಲೆ, ತೂತಿನ ಒಳಗೋಡೆ, ಕಂಠದ ಮೇಲ್ಭಾಗ. ತೂತಿನೊಳಗೆ ಹಳೆಯ ಹಲ್ಲುಜ್ಜುವ ಬ್ರಷ್ ಹಾಕಿ ತಿರುಗಿಸಿ, ಲೇಪನ ಒಳಗೆ ಕಟ್ಟಿಕೊಳ್ಳದ ಹಾಗೆ ಕಡ್ಡಿಯಿಂದ ಬಿಡಿಸಿ. ಕಂಠದ ಮೇಲಿಂದ ಹೊರಕ್ಕೂ ಅರ್ಧ ಇಂಚು ಲೇಪನ ಇಳಿಯಲಿ.

ಡಾಂಬರಿನ ಆಧಾರದ ಕಪ್ಪು ಲೇಪನ ಅಗ್ಗಕ್ಕೆ ಸಿಗುತ್ತದೆ, ಅದನ್ನು ತರಬೇಡಿ. ಅದರ ಕಂದು ಕಲೆ ಮೇಲಿನ ಬಣ್ಣದ ತನಕ ಹಾಯುತ್ತದೆ, ಬೇರಿಗೂ ಒಳ್ಳೆಯದಲ್ಲ.

ಎರಡು ಮೂರು ದಿನ ಒಣಗಿದ ಮೇಲೆ ಪರೀಕ್ಷೆ. ತೂತಿಗೆ ಒಳಗಿಂದ ಮೇಣದ ಅಥವಾ ಹಿಟ್ಟಿನ ಉಂಡೆ ಒತ್ತಿ, ಕಂಠದ ತನಕ ನೀರು ತುಂಬಿ, ಒಣ ಕಾಗದದ ಮೇಲೆ ರಾತ್ರಿಯಿಡೀ ನಿಲ್ಲಿಸಿ. ಬೆಳಗ್ಗೆ ಹೊರಮೈಯಲ್ಲಿ ಎಲ್ಲಾದರೂ ಕಡುಕೆಂಪು ಕಲೆ ಕಂಡರೆ ಅಲ್ಲಿ ಸೋರುತ್ತಿದೆ. ಪೆನ್ಸಿಲ್‌ನಿಂದ ಸುತ್ತುಹಾಕಿ, ನೀರು ಚೆಲ್ಲಿ, ಮತ್ತೆ ತೂಕ ನೋಡಿ ಒಣಗಿಸಿ, ಆ ಜಾಗಕ್ಕೆ ಒಳಗಿಂದ ಎರಡು ಕೋಟ್ ಹಚ್ಚಿ, ಮತ್ತೆ ನೀರು ತುಂಬಿ ನೋಡಿ. ಬೇಸರದ ಕೆಲಸವೇ. ಆದರೆ ಹೊರಗೆ ಬಣ್ಣ ಬಿದ್ದ ಮೇಲೆ ಈ ಕಲೆ ಕಾಣುವುದಿಲ್ಲ. ಆಮೇಲೆ ಕಾಣುವುದು ಗುಳ್ಳೆಯೇ. ನಾನು ಮೊದಲು ಮಾಡಿದ ನಾಲ್ಕು ಕುಂಡಗಳಲ್ಲಿ ಈ ಪರೀಕ್ಷೆ ಮಾಡಿದ್ದು ಎರಡಕ್ಕೆ ಮಾತ್ರ. ಮುಂದಿನ ಮಳೆಗಾಲ ಮುಗಿದಾಗ ಬಣ್ಣ ಉಳಿದದ್ದೂ ಆ ಎರಡರದ್ದೇ.

ಮೂರು ಕೋಟ್, ನೀರಿನ ಪರೀಕ್ಷೆ ಎಂಬ ಇಷ್ಟೆಲ್ಲ ಗೋಜು ಬೇಡ ಎನ್ನುವವರಿಗೆ ಇನ್ನೊಂದು ದಾರಿಯಿದೆ. ಗಿಡವನ್ನು ನರ್ಸರಿಯ ಪ್ಲಾಸ್ಟಿಕ್ ಕುಂಡದಲ್ಲೇ ಬಿಟ್ಟು, ಅದನ್ನು ಬಣ್ಣದ ಕುಂಡದೊಳಗೆ ಇಡುವುದು. ನೀರು ಹಾಕುವಾಗ ಹೊರತೆಗೆದು, ಸೋರುವುದು ನಿಂತ ಮೇಲೆ ಮತ್ತೆ ಒಳಗಿಡಿ. ಮನೆಯೊಳಗಿನ ಗಿಡಕ್ಕೆ ಇದಕ್ಕಿಂತ ಭದ್ರವಾದ ಉಪಾಯ ಇಲ್ಲ. ಆಗಲೂ ಒಳಗೆ ಒಂದೆರಡು ಕೋಟ್ ಇರಲಿ.

ಹಂತ 4: ಹೊರಮೈಗೆ ಪ್ರೈಮರ್

ಬರಿಯ ಮಣ್ಣಿನ ಮೇಲೆ ಬಣ್ಣ ಸುರಿದರೆ ಗೋಡೆ ಬಣ್ಣದೊಳಗಿನ ನೀರನ್ನು ಹೀರುತ್ತದೆ. ಹರಿಯುತ್ತಿದ್ದ ಬಣ್ಣ ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ. ರಂಧ್ರದೊಳಗಿನ ಗಾಳಿ ಹೊರಬರುವಾಗ ಸೂಜಿ ಚುಚ್ಚಿದಂಥ ತೂತುಗಳೂ ಬೀಳುತ್ತವೆ. ಬಣ್ಣ ತೆಳು ಮಾಡಿದರೆ ಹರಿಯುತ್ತದೆ ಎಂದು ಇನ್ನಷ್ಟು ನೀರು ಸುರಿಯುವವರಿದ್ದಾರೆ, ಅದರಿಂದ ಇನ್ನೂ ಕೆಡುತ್ತದೆ.

ಬಿಳಿ ಪ್ರೈಮರ್ ಎರಡು ತೆಳು ಕೋಟ್ ಹಚ್ಚಿ. ಮೊದಲನೆಯದು ಒಣಗಿದ ಮೇಲೆ 220 ನಂಬರಿನ ಸ್ಯಾಂಡ್‌ಪೇಪರ್‌ನಿಂದ ನವಿರಾಗಿ ಉಜ್ಜಿ, ಧೂಳು ಒರೆಸಿ, ಎರಡನೆಯದು. ಒಂದು ದಿನ ಬಿಟ್ಟು ಒಂದು ಹನಿ ನೀರು ಇಟ್ಟು ನೋಡಿ. ಐದು ನಿಮಿಷ ಹನಿ ಹನಿಯಾಗಿಯೇ ನಿಂತರೆ ಸರಿ. ಒಳಗೆ ಇಳಿದು ಕಲೆಯಾದರೆ ಇನ್ನೊಂದು ಕೋಟ್ ಬೇಕು.

ಹಂತ 5: ಬಣ್ಣ ಕಲಸುವುದು

6 ಇಂಚಿನ ಕುಂಡಕ್ಕೆ, ತಟ್ಟೆಗೆ ಹರಿದು ಹೋಗುವುದೂ ಸೇರಿ, 150ರಿಂದ 200 ಮಿ.ಲೀ. ಕಲಸಿದ ಬಣ್ಣ ಬೇಕು. ಅದರಲ್ಲಿ ಅರ್ಧದಷ್ಟು ಬಿಳಿಯೇ ಇರಲಿ. ಕಡಿಮೆ ಕಲಸಿಕೊಂಡು ಮಧ್ಯದಲ್ಲಿ ಸಾಲದೆ ಬಂದರೆ, ಮತ್ತೆ ಕಲಸಿ ತರುವಷ್ಟರಲ್ಲಿ ಮೊದಲಿನದು ಪೊರೆ ಕಟ್ಟಿರುತ್ತದೆ.

ಒಂದು ಪಾಲು ಬಣ್ಣಕ್ಕೆ ಎರಡು ಪಾಲು ಪೋರಿಂಗ್ ಮೀಡಿಯಂ ಹಾಕಿ ಶುರುಮಾಡಿ. ಆಮೇಲೆ ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ನೀರು ಬೆರೆಸುತ್ತಾ ಹದಕ್ಕೆ ತನ್ನಿ. ಬಣ್ಣದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನೀರು ಬೇಕಾಗುತ್ತಿದೆ ಎನಿಸಿದರೆ ನೀರಿನ ಬದಲು ಮೀಡಿಯಂ ಸೇರಿಸಿ. ನೀರು ಹೆಚ್ಚಾದಷ್ಟೂ ಬಣ್ಣದ ಹಿಡಿತ ಕಡಿಮೆಯಾಗುತ್ತದೆ, ಒಣಗಿದ ಮೇಲೆ ಬೆರಳಿಗೆ ಪುಡಿ ಬರುತ್ತದೆ.

ಮೀಡಿಯಂ ಬದಲು ಎರಡು ಪಾಲು ಬಿಳಿ ಫೆವಿಕಾಲ್, ಒಂದು ಪಾಲು ನೀರು ಬೆರೆಸಿ ಬಳಸುವುದು ನಮ್ಮಲ್ಲಿ ರೂಢಿ. ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಅಡ್ಡಿಯಿಲ್ಲ. ಆದರೆ ಮಾಮೂಲು ಬಿಳಿ ಗೋಂದು ಒಣಗಿದ ಮೇಲೂ ನೀರು ತಾಗಿದರೆ ಮೆತ್ತಗಾಗುತ್ತದೆ, ಬಿಳಿಚುತ್ತದೆ. ಬಾಲ್ಕನಿಯಲ್ಲಿ, ತಾರಸಿಯಲ್ಲಿ ಇಡುವ ಕುಂಡಕ್ಕೆ ಅಕ್ರಿಲಿಕ್ ಮೀಡಿಯಂ ಅನ್ನೇ ಕೊಳ್ಳಿ. ಗೋಂದಿನದನ್ನು ಒಳಗೆ ಪ್ಲಾಸ್ಟಿಕ್ ಕುಂಡ ಇಡುವ, ಮನೆಯೊಳಗಿನ ಕುಂಡಕ್ಕೆ ಮಾತ್ರ ಬಳಸಿ.

ಹದದ ವಿಷಯ. ಕ್ಯಾನ್ವಾಸ್ ಮಲಗಿರುತ್ತದೆ, ಕುಂಡದ ಗೋಡೆ ನಿಂತಿರುತ್ತದೆ. ಆದ್ದರಿಂದ ಕ್ಯಾನ್ವಾಸಿಗೆ ಹೇಳುವ ಹದ ಕುಂಡಕ್ಕೆ ತೀರ ತೆಳು. ನೀರ್‌ದೋಸೆ ಹಿಟ್ಟಿನ ಹಾಗಿದ್ದರೆ ಎಲ್ಲವೂ ಜಾರಿ ತಟ್ಟೆ ಸೇರಿ, ಗೋಡೆಯ ಮೇಲೆ ಪ್ರೈಮರ್ ಇಣುಕುತ್ತದೆ. ಇಡ್ಲಿ ಹಿಟ್ಟಿನ ಹಾಗಿದ್ದರೆ ತಳದ ಮೇಲೆಯೇ ಕೂರುತ್ತದೆ. ಬೇಕಿರುವುದು ಗಟ್ಟಿ ಜೇನುತುಪ್ಪದ ಹದ. ಕಡ್ಡಿ ಎತ್ತಿದಾಗ ಬಣ್ಣ ಕಡಿಯದೆ ದಾರದಂತೆ ಇಳಿಯಬೇಕು, ಇಳಿದು ಗುಪ್ಪೆಯಾಗಿ ಎರಡು ಮೂರು ಸೆಕೆಂಡ್ ಕಂಡು ಆಮೇಲೆ ಮಟ್ಟವಾಗಬೇಕು. ಎಲ್ಲ ಬಣ್ಣಗಳೂ ಒಂದೇ ಹದದಲ್ಲಿರಲಿ. ಒಂದು ತೆಳು, ಒಂದು ಗಟ್ಟಿ ಇದ್ದರೆ ತೆಳುವಾದದ್ದು ಓಡಿಹೋಗಿ ಗಟ್ಟಿಯಾದದ್ದು ಹಿಂದೆ ಉಳಿಯುತ್ತದೆ.

ನಿಧಾನವಾಗಿ, ಒಂದೇ ದಿಕ್ಕಿನಲ್ಲಿ ಕಲಸಿ. ಜೋರಾಗಿ ಕಡೆದರೆ ಗಾಳಿಗುಳ್ಳೆ ತುಂಬುತ್ತವೆ. ಕಲಸಿದ ಮೇಲೆ ಲೋಟಗಳನ್ನು ಮುಚ್ಚಿ ಅರ್ಧ ಗಂಟೆ ಬಿಡಿ.

ಬಣ್ಣದ ಆಯ್ಕೆಯಲ್ಲಿ ಒಂದು ಎಚ್ಚರ. ಕೆಂಪಿನ ಪಕ್ಕ ಹಸಿರು, ಕಿತ್ತಳೆಯ ಪಕ್ಕ ನೀಲಿ ಬಂದು ಬೆರೆತರೆ ಕೆಸರು ಬಣ್ಣವಾಗುತ್ತದೆ. ನೀಲಿ, ಹಸಿರುನೀಲಿ, ಬಿಳಿ. ಅಥವಾ ಹಳದಿ, ಕಿತ್ತಳೆ, ಕೆಂಪು, ನಡುವೆ ಬಿಳಿ. ಹೀಗೆ ಒಂದೇ ಬಳಗದ ಬಣ್ಣಗಳು ಬೆರೆತರೂ ಚೆನ್ನಾಗಿರುತ್ತವೆ. ನಿಯಾನ್ ಬಣ್ಣಗಳು ಬಿಸಿಲಿಗೆ ಬೇಗ ಮಾಸುತ್ತವೆ, ಹೊರಗಿಡುವ ಕುಂಡಕ್ಕೆ ಬೇಡ.

ಸಿಲಿಕೋನ್ ಎಣ್ಣೆಯ ಹನಿ ಹಾಕಿದರೆ ಜೇನುಗೂಡಿನಂಥ ಕಣ್ಣುಗಳು ಮೂಡುತ್ತವೆ, ನಿಜ. ಆದರೆ ಒಣಗಿದ ಮೇಲೂ ಎಣ್ಣೆ ಮೇಲ್ಮೈಯಲ್ಲಿ ಉಳಿದು ವಾರ್ನಿಷನ್ನು ದೂರ ತಳ್ಳುತ್ತದೆ. ಎಣ್ಣೆ ಹಚ್ಚಿದ ಕಾವಲಿಯ ಮೇಲೆ ನೀರು ಚಿಮುಕಿಸಿದಂತೆ ವಾರ್ನಿಷ್ ಒಡೆದು ಒಡೆದು ನಿಲ್ಲುತ್ತದೆ. ವಾರ್ನಿಷ್ ಹಿಡಿಯದಿದ್ದರೆ ಕುಂಡ ಬಾಳುವುದಿಲ್ಲ. ಆದ್ದರಿಂದ ಕುಂಡದ ಕೆಲಸದಲ್ಲಿ ನಾನು ಸಿಲಿಕೋನ್ ಬಳಸುವುದಿಲ್ಲ, ನೀವೂ ಬಳಸಬೇಡಿ.

ಹಂತ 6: ಸುರಿಯುವುದು

ತೂತಿನೊಳಗೆ ಕಾಗದದ ಉಂಡೆ ತುರುಕಿ, ತಳದ ಹೊರಗಿನಿಂದ ಮಾಸ್ಕಿಂಗ್ ಟೇಪ್ ಅಂಟಿಸಿ. ಕುಂಡವನ್ನು ಸ್ಟೀಲ್ ಲೋಟದ ಮೇಲೆ ಬೋರಲು ನಿಲ್ಲಿಸಿ. ಕಂಠ ತಟ್ಟೆಯಿಂದ ಎರಡು ಇಂಚಾದರೂ ಮೇಲಿರಬೇಕು, ಇಲ್ಲದಿದ್ದರೆ ಕೆಳಗೆ ನಿಂತ ಬಣ್ಣಕ್ಕೆ ಅಂಟಿಕೊಳ್ಳುತ್ತದೆ. ಅಲುಗಾಡಿಸಿ ನೋಡಿ, ಭದ್ರವಾಗಿದೆಯೇ? ಫ್ಯಾನ್ ಆರಿಸಿ.

ಕಲಸಿದ ಬಿಳಿಯಲ್ಲಿ ಸ್ವಲ್ಪ ತೆಗೆದುಕೊಂಡು ಬ್ರಷ್‌ನಿಂದ ಇಡೀ ಹೊರಮೈಗೆ ತೆಳುವಾಗಿ ಸವರಿ. ಈ ಹಸಿ ಪದರದ ಮೇಲೆ ಬಣ್ಣ ಸಲೀಸಾಗಿ ಜಾರುತ್ತದೆ. ಸವರಿದ ಕೂಡಲೇ ಸುರಿಯಬೇಕು, ಅದು ಒಣಗಿದರೆ ಪ್ರಯೋಜನವಿಲ್ಲ.

ಒಂದು ದೊಡ್ಡ ಲೋಟಕ್ಕೆ ಮೊದಲು ಬಿಳಿ, ಅದರ ಮೇಲೆ ಒಂದು ಬಣ್ಣ, ಮತ್ತೆ ಬಿಳಿ, ಮತ್ತೊಂದು ಬಣ್ಣ, ಹೀಗೆ ಲೋಟದ ಅಂಚಿನಿಂದ ಮೆಲ್ಲಗೆ ಇಳಿಸಿ. ಕಲಸಬೇಡಿ. ಈಗ ಕುಂಡದ ತಳದ ನಟ್ಟನಡುವೆ, ಎರಡು ಇಂಚು ಎತ್ತರದಿಂದ, ಸಣ್ಣ ಧಾರೆಯಾಗಿ ಸುರಿಯಿರಿ. ಲೋಟವನ್ನು ರಂಗೋಲಿಯ ಚುಕ್ಕಿಯಷ್ಟೇ ಸುತ್ತಿಸಿ. ತಳ ತುಂಬಿ ಬಣ್ಣ ತಾನಾಗಿ ಅಂಚು ದಾಟಿ ಇಳಿಯಲಿ. ಒಂದು ಬದಿಗೆ ಹೆಚ್ಚು ಹರಿಯುತ್ತಿದ್ದರೆ ಕುಂಡವನ್ನು ಮುಟ್ಟದೆ, ತಟ್ಟೆಯನ್ನೇ ಸ್ವಲ್ಪ ಓರೆಮಾಡಿ.

ಬರಿದಾಗಿ ಉಳಿದ ಪಟ್ಟಿಗಳ ಮೇಲೆ, ಅಂಚಿನ ನೇರಕ್ಕೆ ಮೇಲಿನಿಂದ ಇನ್ನೊಂದು ಧಾರೆ ಬಿಡಿ. ಬ್ರಷ್‌ನಿಂದ ಎಳೆದು ಮುಚ್ಚಲು ಹೋಗಬೇಡಿ, ಎಳೆದ ಗುರುತು ಹಾಗೆಯೇ ಉಳಿಯುತ್ತದೆ. ಕಂಠದ ಸುತ್ತ ಬೆರಳಗಲದ ಖಾಲಿ ಜಾಗ ಉಳಿದರೆ ತಟ್ಟೆಗೆ ಬಿದ್ದ ಬಣ್ಣವನ್ನೇ ಕಡ್ಡಿಯಲ್ಲಿ ತೆಗೆದು ಮುಟ್ಟಿಸಿ.

ಹಂತ 7: ಮೊದಲ ಒಂದು ಗಂಟೆ ಕುಂಡದ ಬಳಿಯೇ ಇರುವುದು

ಸುರಿದ ಮೇಲೆ ಕೈತೊಳೆದು ಎದ್ದುಹೋಗುವುದು ತಪ್ಪು. ಬೋರಲು ನಿಂತ ಕುಂಡದಲ್ಲಿ ಕಂಠದ ದಪ್ಪ ಪಟ್ಟಿ ಸಣ್ಣ ಜಗಲಿಯ ಹಾಗೆ ಹೊರಚಾಚಿರುತ್ತದೆ. ಗೋಡೆಯಿಂದ ಇಳಿದ ಬಣ್ಣವೆಲ್ಲ ಅಲ್ಲಿ ನಿಲ್ಲುತ್ತದೆ. ದಪ್ಪವಾಗಿ ನಿಂತ ಬಣ್ಣದ ಮೇಲ್ಭಾಗ ಬೇಗ ಒಣಗಿ, ಒಳಭಾಗ ಹಸಿಯಾಗಿ ಉಳಿದು, ಕೊನೆಗೆ ಒಣಗಿದ ಕೆರೆಯ ತಳದಂತೆ ಬಿರಿಯುತ್ತದೆ. ಹತ್ತು ನಿಮಿಷಕ್ಕೊಮ್ಮೆ ಐಸ್‌ಕ್ರೀಮ್ ಕಡ್ಡಿಯ ಅಂಚಿನಿಂದ ಆ ಜಗಲಿಯ ಮೇಲಿನ ಹೆಚ್ಚಿನ ಬಣ್ಣವನ್ನು ಹೊರಕ್ಕೆ ಸರಿಸಿ ಕೆಳಗೆ ಬೀಳಿಸಿ. ಕಂಠದ ಅಂಚಿನಲ್ಲಿ ತೂಗುವ ಹನಿಗಳನ್ನೂ ಹಾಗೆಯೇ ಒರೆಸಿ. ತಳದ ಮೇಲೆ ಕೊಳದಂತೆ ನಿಂತಿದ್ದರೆ ತಟ್ಟೆ ಓರೆಮಾಡಿ ಇಳಿಸಿ.

ಗಾಳಿಗುಳ್ಳೆ ಕಂಡರೆ ಹಲ್ಲುಕಡ್ಡಿಯ ತುದಿಯಿಂದ ಚುಚ್ಚಿ. ಲೈಟರ್, ಬೆಂಕಿಕಡ್ಡಿ ಹಿಡಿಯಬೇಡಿ. ಒಂದು ಗಂಟೆಯಾದ ಮೇಲೆ ಬಣ್ಣ ಪೊರೆ ಕಟ್ಟಲು ಶುರುವಾಗುತ್ತದೆ. ಆಗ ಏನು ದೋಷ ಕಂಡರೂ ಕೈ ಹಾಕಬೇಡಿ. ಮುಟ್ಟಿದರೆ ಸುಕ್ಕುಗಟ್ಟುತ್ತದೆ.

ಹಂತ 8: ನೆರಳಿನಲ್ಲಿ ಒಣಗಿಸುವುದು

ಮೇಲೆ ದೊಡ್ಡ ರಟ್ಟಿನ ಪೆಟ್ಟಿಗೆ ಬೋರಲು ಹಾಕಿ, ಗಾಳಿಯಾಡಲು ಒಂದು ಬದಿ ಸ್ವಲ್ಪ ಎತ್ತಿಡಿ. ಬಿಸಿಲು ಬೇಡ, ಫ್ಯಾನ್ ಬೇಡ, ಹೇರ್ ಡ್ರೈಯರ್ ಬೇಡ. ಬೇಗ ಒಣಗಿಸಿದರೆ ಬಿರಿಯುತ್ತದೆ. ಒಂದು ದಿನದಲ್ಲಿ ಮುಟ್ಟುವಷ್ಟು ಒಣಗುತ್ತದೆ, ಮೋಡದ ದಿನಗಳಲ್ಲಿ ಎರಡು ದಿನ. ಆಗ ತೂತಿನ ಸುತ್ತ ಬ್ಲೇಡಿನಿಂದ ಕೊಯ್ದು ಟೇಪ್ ಬಿಡಿಸಿ. ಕೊಯ್ಯದೆ ಎಳೆದರೆ ತಳದ ಬಣ್ಣವೂ ಹಾಳೆಯಾಗಿ ಬರುತ್ತದೆ.

ಮುಟ್ಟುವಷ್ಟು ಒಣಗುವುದು ಬೇರೆ, ಒಳಗಿನ ತನಕ ಗಟ್ಟಿಯಾಗುವುದು ಬೇರೆ. ಎರಡು ವಾರ ಕುಂಡವನ್ನು ಸುಮ್ಮನೆ ಬಿಡಿ. ಹಸಿ ಇನ್ನೂ ಇದೆಯೇ ತಿಳಿಯಲು ಅಂಗೈಯ ಹಿಂಬದಿಯನ್ನು ಕಂಠದ ದಪ್ಪ ಜಾಗಕ್ಕೆ ತಾಗಿಸಿ. ಉಳಿದ ಕಡೆಗಿಂತ ತಣ್ಣಗಿದ್ದರೆ ನೀರು ಇನ್ನೂ ಆವಿಯಾಗುತ್ತಿದೆ. ಉಗುರು ಒತ್ತಿದಾಗ ಗುರುತು ಉಳಿದರೂ ಅಷ್ಟೇ, ಇನ್ನೂ ಕಾಯಬೇಕು.

ಹಂತ 9: ವಾರ್ನಿಷ್

ಮಳೆ ಬರುವ ದಿನ, ಬಟ್ಟೆ ಒಣಗದ ದಿನ ವಾರ್ನಿಷ್ ಹಚ್ಚಬೇಡಿ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಹಾಲು ಚೆಲ್ಲಿದಂಥ ಮಬ್ಬು ಒಳಗೇ ಸಿಕ್ಕಿಕೊಳ್ಳುತ್ತದೆ. ಕುಂಡವನ್ನು ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ಒಂದು ಗಂಟೆ ಆರಲು ಬಿಡಿ. ವಾರ್ನಿಷ್ ಡಬ್ಬವನ್ನು ಕುಲುಕಬೇಡಿ, ಕಡ್ಡಿಯಿಂದ ಮೆಲ್ಲಗೆ ಕಲಕಿ.

ಮೆತ್ತನೆಯ ಚಪ್ಪಟೆ ಬ್ರಷ್‌ನಿಂದ ತೆಳುವಾಗಿ ಮೂರು ಕೋಟ್. ಮೊದಲನೆಯದು ಅಡ್ಡಕ್ಕೆ, ನಾಲ್ಕು ಗಂಟೆ ಬಿಟ್ಟು ಎರಡನೆಯದು ಉದ್ದಕ್ಕೆ, ಮರುದಿನ ಮೂರನೆಯದು. ಒಂದೇ ದಪ್ಪ ಕೋಟ್ ಈ ಮೂರಕ್ಕೆ ಸಮನಲ್ಲ. ಅದು ಇಳಿಜಾರಿನಲ್ಲಿ ಸೋರಿ ಕಣ್ಣೀರಿನ ಗೆರೆಯಂತೆ ನಿಲ್ಲುತ್ತದೆ. ಸ್ಪ್ರೇ ಬಳಸುವವರು ಒಂದು ಅಡಿ ದೂರದಿಂದ, ತೆರೆದ ಜಾಗದಲ್ಲಿ, ಮಾಸ್ಕ್ ಹಾಕಿಕೊಂಡು, ಹತ್ತಿರ ಒಲೆ ದೀಪ ಇಲ್ಲದ ಹಾಗೆ ನೋಡಿಕೊಂಡು ಹೊಡೆಯಿರಿ.

ಕಂಠದ ಕಡೆ ವಾರ್ನಿಷ್ ಎಲ್ಲಿ ನಿಲ್ಲಿಸುತ್ತೀರಿ ಎಂಬುದು ಮುಖ್ಯ. ಹೊರಗಿನ ಬಣ್ಣ ಮತ್ತು ಒಳಗಿನ ಲೇಪನ ಸೇರುವ ಗೆರೆ ಕಂಠದ ಮೇಲೆಯೇ ಇರುತ್ತದೆ. ನೀರು ಹಾಕುವಾಗ ಪ್ರತಿದಿನ ಒದ್ದೆಯಾಗುವುದೂ ಅದೇ ಜಾಗ. ವಾರ್ನಿಷನ್ನು ಕಂಠ ದಾಟಿಸಿ ಒಳಗೆ ಒಂದು ಇಂಚು ಇಳಿಸಿ. ತಳವನ್ನೂ, ತೂತಿನ ಅಂಚನ್ನೂ ಬಿಡಬೇಡಿ.

ಕೊನೆಯ ಕೋಟ್ ಆಗಿ ಒಂದು ವಾರ ನೀರು ತಾಗಿಸಬೇಡಿ.

ಹಂತ 10: ಗಿಡ ನೆಡುವುದು, ಇಡುವ ಜಾಗ

ತೂತು ತೆರೆದಿದೆಯೇ ಎಂದು ಮೊದಲು ಕಡ್ಡಿ ಹಾಕಿ ನೋಡಿ. ಅದರ ಮೇಲೆ ಒಡೆದ ಹೆಂಚಿನ ಚೂರು ಅಥವಾ ಬಲೆಯ ತುಂಡು ಇಟ್ಟು ಮಣ್ಣು ತುಂಬಿ. ಬರಿಯ ಮಣ್ಣಿನ ಕುಂಡಕ್ಕೆ ಹಾಕುತ್ತಿದ್ದಷ್ಟು ನೀರು ಇದಕ್ಕೆ ಹಾಕಿದರೆ ಬೇರು ಕೊಳೆಯುತ್ತದೆ. ಬೆರಳಿನ ಎರಡು ಗೆಣ್ಣಿನಷ್ಟು ಮಣ್ಣು ಒಣಗಿದ ಮೇಲೆಯೇ ನೀರು.

ಕುಂಡವನ್ನು ನೆಲಕ್ಕೆ ತಾಗಿಸಿ ಇಡಬೇಡಿ, ನೀರು ನಿಂತ ತಟ್ಟೆಯಲ್ಲಂತೂ ಬೇಡ. ಮೂರು ಟೈಲ್ಸ್ ಚೂರುಗಳ ಮೇಲೆ ನಿಲ್ಲಿಸಿ, ಅಡಿಯಲ್ಲಿ ಗಾಳಿಯಾಡಲಿ. ಸುಲಿಯುವುದು ಹೆಚ್ಚಾಗಿ ಬುಡದಿಂದ ಶುರುವಾಗುತ್ತದೆ. ಬಣ್ಣದ ಕುಂಡಗಳನ್ನು ಒಂದಕ್ಕೊಂದು ತಾಗಿಸಿಯೂ ಇಡಬೇಡಿ. ಅಕ್ರಿಲಿಕ್ ಬಿಸಿಗೆ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಎರಡು ಕುಂಡ ಅಂಟಿಕೊಂಡರೆ ಬಿಡಿಸುವಾಗ ಎರಡರ ಬಣ್ಣವೂ ಹೋಗುತ್ತದೆ. ಬೆಳಗಿನ ಬಿಸಿಲು ಮಾತ್ರ ಬೀಳುವ ಪೂರ್ವದ ಬಾಲ್ಕನಿ ಒಳ್ಳೆಯ ಜಾಗ. ಕೊಳೆಯಾದರೆ ಒದ್ದೆ ಬಟ್ಟೆಯಿಂದ ಒರೆಸಿ, ಪಾತ್ರೆಯ ನಾರು ತಾಗಿಸಬೇಡಿ.

ಕಣ್ಣಿಡಬೇಕಾದ ಸೂಚನೆಗಳು

ಬುಡದ ಹತ್ತಿರ ಕಡಲೆ ಗಾತ್ರದ ಗುಳ್ಳೆ ಎದ್ದರೆ ಒಳಲೇಪನ ಸೋರುತ್ತಿದೆ. ಗುಳ್ಳೆ ಒಡೆದು ಮೇಲೆ ವಾರ್ನಿಷ್ ಹಚ್ಚಿದರೆ ನೀರನ್ನು ಒಳಗೇ ಕೂಡಿಹಾಕಿದಂತಾಗುತ್ತದೆ. ಗಿಡ ತೆಗೆದು ಬೇರೆ ಕುಂಡಕ್ಕೆ ಹಾಕಿ, ಎದ್ದ ಬಣ್ಣವನ್ನು ಬ್ಲೇಡಿನಿಂದ ಕೊಯ್ದು ತೆಗೆದು, ಎರಡನೇ ಹಂತದ ತೂಕದ ಲೆಕ್ಕಕ್ಕೆ ಮರಳಿ. ಗುಳ್ಳೆ ಒಂದೆರಡೇ ಇದ್ದಾಗ ಹಿಡಿದರೆ ಉಳಿದ ಬಣ್ಣ ಉಳಿಯುತ್ತದೆ.

ಬಿಳಿ ಪುಡಿ ಬಣ್ಣದ ಮೇಲೆ ಮಾತ್ರ ಇದ್ದರೆ ಅದು ಮೇಲಿನಿಂದ ಚೆಲ್ಲಿದ ಗಡಸು ನೀರಿನ ಕಲೆ, ಒರೆಸಿದರೆ ಹೋಗುತ್ತದೆ. ಬಿರುಕಿನ ಒಳಗಿಂದ ಬಂದಿದ್ದರೆ ಉಪ್ಪು ಹಿಂದಿನಿಂದ ತಳ್ಳುತ್ತಿದೆ, ಗುಳ್ಳೆಗೆ ಹೇಳಿದ್ದನ್ನೇ ಮಾಡಬೇಕು.

ಮೊದಲ ಮಳೆಗೆ ಬಣ್ಣ ಹಾಲಿನಂತೆ ಬಿಳಿಚಿ, ಒಣಗಿದ ಮೇಲೆ ಮತ್ತೆ ಸರಿಯಾದರೆ ವಾರ್ನಿಷ್ ತೆಳುವಾಗಿದೆ ಅಥವಾ ಬಣ್ಣದಲ್ಲಿ ಗೋಂದು ಹೆಚ್ಚಿದೆ. ಪೂರ್ತಿ ಒಣಗಿದ ಒಂದು ವಾರದ ಬಳಿಕ ಇನ್ನೆರಡು ತೆಳು ಕೋಟ್ ಹಚ್ಚಿ, ಕುಂಡವನ್ನು ಮಳೆ ಬೀಳದ ಕಡೆ ಇಡಿ. ಮುಟ್ಟಿದರೆ ವಾರಗಟ್ಟಲೆ ಅಂಟಂಟಾಗಿದ್ದರೆ ಬಣ್ಣ ಗಟ್ಟಿಯಾಗುವ ಮೊದಲೇ ವಾರ್ನಿಷ್ ಹಚ್ಚಿದ್ದೀರಿ. ಅದಕ್ಕೆ ಗಾಳಿಯಾಡುವ ನೆರಳಿನಲ್ಲಿ ಬಿಡುವುದೊಂದೇ ಉಪಾಯ.

ಎಲೆ ಹಳದಿಯಾಗಿ ಮಣ್ಣಿನಿಂದ ಹುಳಿ ವಾಸನೆ ಬಂದರೆ ಬಣ್ಣವನ್ನು ನೋಡುತ್ತಾ ಕೂರಬೇಡಿ, ತೂತನ್ನು ನೋಡಿ. ಲೇಪನವೋ ಬಣ್ಣದ ತೊಟ್ಟೋ ಅದನ್ನು ಮುಚ್ಚಿರಬಹುದು.

ಉಳಿದ ಬಣ್ಣ, ತೊಳೆದ ನೀರು

ತಟ್ಟೆಯಲ್ಲಿ ಉಳಿದ ಬಣ್ಣವನ್ನು ಸಿಂಕಿಗೆ ಸುರಿಯಬೇಡಿ. ಅದು ಪೈಪಿನೊಳಗೆ ಪ್ಲಾಸ್ಟಿಕ್ ಆಗಿ ಕೂರುತ್ತದೆ, ಮುಂದೆ ಹೋದದ್ದು ಕೆರೆ ಸೇರುತ್ತದೆ. ಪ್ಲಾಸ್ಟಿಕ್ ಹಾಳೆಯ ಮೇಲೆಯೇ ಎರಡು ದಿನ ಒಣಗಲು ಬಿಟ್ಟರೆ ರಬ್ಬರ್ ಹಾಳೆಯಂತೆ ಸುಲಿದು ಬರುತ್ತದೆ, ಒಣ ಕಸಕ್ಕೆ ಹಾಕಬಹುದು. ಬ್ರಷ್‌ಗಳನ್ನು ಮೊದಲು ಹಳೆಯ ಬಟ್ಟೆಗೆ ಚೆನ್ನಾಗಿ ಒರೆಸಿ, ಆಮೇಲೆ ಒಂದು ಡಬ್ಬದ ನೀರಿನಲ್ಲಿ ತೊಳೆಯಿರಿ. ಆ ನೀರನ್ನು ಒಂದು ದಿನ ಅಲುಗಿಸದೆ ಇಟ್ಟರೆ ಬಣ್ಣದ ಬಹುಪಾಲು ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಬಚ್ಚಲಿಗೆ ಚೆಲ್ಲಿ, ತಳದ ಗಷ್ಟನ್ನು ಸುದ್ದಿಪತ್ರಿಕೆಯ ಮೇಲೆ ಒಣಗಿಸಿ ಕಸಕ್ಕೆ ಹಾಕಿ. ಗಿಡಗಳ ಬುಡಕ್ಕೆ ಮಾತ್ರ ಆ ನೀರನ್ನು ಹಾಕಬೇಡಿ.